ಮಗುವಿಗೆ ಕೊಟ್ಟ ಹೋಂವರ್ಕ್ ಮಗುವೇ ಮಾಡುವಂತಿರಲಿ

ಮೂರನೇ ಕ್ಲಾಸಿನ ಮಗು ತಾನೇ ಕೂತು ಮಾಡಲಾಗದ ಕೆಲಸವನ್ನು ಹೋಂವರ್ಕ್ ಅಂತ ಕೊಡಬೇಡಿ. ದಾವಣಗೆರೆಯ ಎಲ್ಲ ಶಾಲೆಗಳಿಗೂ, ಟೀಚರುಗಳಿಗೂ ನನ್ನ ಕೋರಿಕೆ ಇಷ್ಟೇ. ಯಾಕೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ನನ್ನದು ಜೆರಾಕ್ಸ್ ಮತ್ತು ಸ್ಟೇಷನರಿ ಅಂಗಡಿ. ಸುತ್ತಮುತ್ತ ಶಾಲೆಗಳು ಜಾಸ್ತಿ. ಸಂಜೆ ಏಳರ ಮೇಲೆ ಅಂಗಡಿಗೆ ಬರುವವರೆಲ್ಲ ಹೆಚ್ಚುಕಮ್ಮಿ ಅಪ್ಪ ಅಮ್ಮಂದಿರೇ. ಒಬ್ಬರಿಗೆ ಕಲರ್ ಪ್ರಿಂಟ್ ಬೇಕು, ಒಬ್ಬರಿಗೆ ಥರ್ಮಾಕೋಲ್, ಇನ್ನೊಬ್ಬರಿಗೆ ಚಾರ್ಟ್ ಶೀಟು, ಗ್ಲಿಟರ್ ಪೆನ್ನು. "ನಾಳೆ ಬೆಳಿಗ್ಗೆನೇ ಬೇಕಂತೆ" ಅನ್ನುವುದು ಎಲ್ಲರ ಮಾತು. ಶಾಲೆಯ ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಬರುವುದೇ ಏಳೂವರೆ ಎಂಟಕ್ಕೆ. ಇದರಿಂದ ನನಗೆ ನಾಲ್ಕು ಕಾಸಿನ ವ್ಯಾಪಾರ ಆಗುತ್ತದೆ, ನಿಜ. ಆದರೂ ಇದು ನಿಲ್ಲಬೇಕು. ನನ್ನ ಮಗಳು ನಾಲ್ಕನೇ ಕ್ಲಾಸು. ಅಂಗಡಿ ಬಾಗಿಲು ಹಾಕಿ ಮನೆಗೆ ಹೋದರೆ ಅಲ್ಲೂ ಇದೇ ಕಥೆ.

ಮೊನ್ನೆ ಒಬ್ಬ ಹೆಣ್ಣುಮಗಳು ಬಂದರು. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವರು, ಗಂಡ ಎಪಿಎಂಸಿಯಲ್ಲಿ ಹಮಾಲಿ. ಸಾಲಸೋಲ ಮಾಡಿ ಮಗನನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿದ್ದಾರೆ. ಫೋನು ಮುಂದೆ ಹಿಡಿದು, "ಅಣ್ಣಾ, ಇದ್ರಾಗೆ ಏನ್ ಬರ್ದಾರೆ ನೋಡ್ರಿ. ನಮ್ ಹುಡುಗ ಅಳ್ತಾ ಕುಂತಾನೆ. ನಮಗೆ ಇಂಗ್ಲಿಷ್ ಓದಕ್ಕೆ ಬರಲ್ಲ" ಅಂದರು. ನೋಡಿದೆ. ಕಮ್ಯುನಿಟಿ ಹೆಲ್ಪರ್ಸ್ ಪ್ರಾಜೆಕ್ಟ್. ಊರಿನ ಜನರ ಕೆಲಸಕ್ಕೆ ಬರುವ ಹತ್ತು ಜನರ ಚಿತ್ರ ಅಂಟಿಸಿ, ಒಬ್ಬೊಬ್ಬರ ಬಗ್ಗೆ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದು ತರಬೇಕು. ಇಂಥದ್ದಕ್ಕೆಂದೇ ಅಚ್ಚು ಹಾಕಿದ ಚಿತ್ರದ ಹಾಳೆ ನನ್ನ ಅಂಗಡಿಯಲ್ಲಿದೆ. ಅದರಲ್ಲಿ ಡಾಕ್ಟರ್ ಇದ್ದಾರೆ, ಪೊಲೀಸ್ ಇದ್ದಾರೆ, ಪೋಸ್ಟ್‌ಮ್ಯಾನ್ ಇದ್ದಾರೆ, ಪೈಲಟ್ ಕೂಡ ಇದ್ದಾರೆ. ಮೂಟೆ ಹೊರುವವರಿಲ್ಲ. ಮಂಡಕ್ಕಿ ಹುರಿಯುವವರಿಲ್ಲ.

ಆ ತಾಯಿ ಹಾಳೆ ಕೊಂಡರು. ಇಂಗ್ಲಿಷ್ ಸಾಲುಗಳನ್ನು ನಾನು ಬರೆದುಕೊಟ್ಟೆ. ಹುಡುಗ ಅದನ್ನು ನೋಡಿಕೊಂಡು ನಕಲು ಮಾಡಿರಬೇಕು. ಮಾರನೇ ದಿನ ಟೀಚರ್ ಅದಕ್ಕೆ 'ಗುಡ್' ಅಂತ ಬರೆದಿರುತ್ತಾರೆ. ಆ ಗುಡ್ ಸಿಕ್ಕಿದ್ದು ಯಾರಿಗೆ? ಹುಡುಗ ಕಲಿತದ್ದು ಏನು? ಎಪಿಎಂಸಿಯಲ್ಲಿ ಮೆಕ್ಕೆಜೋಳದ ಲಾರಿ ಬಂದರೆ ಅಪ್ಪ ಏನು ಮಾಡುತ್ತಾರೆ ಅಂತ ಕೇಳಿದ್ದರೆ ಅವನೇ ಹೇಳುತ್ತಿದ್ದ. ಕಾದ ಮರಳಿನಲ್ಲಿ ಅಕ್ಕಿ ಹೇಗೆ ಅರಳಿ ಮಂಡಕ್ಕಿ ಆಗುತ್ತದೆ ಅಂತ ಕೇಳಿದ್ದರೆ ಇಡೀ ಕ್ಲಾಸಿಗೆ ಹೇಳಿಕೊಡುತ್ತಿದ್ದ. ಅವನಿಗೆ ಚೆನ್ನಾಗಿ ಗೊತ್ತಿರುವುದನ್ನು ಯಾರೂ ಕೇಳಲಿಲ್ಲ. ಅವನ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ್ದನ್ನೇ ಕೇಳಿದರು.

ನನ್ನ ಮಗಳಿಗೆ ಬಂದದ್ದು ಮಣ್ಣಿನ ಪ್ರಾಜೆಕ್ಟ್. ಮಣ್ಣಿನ ವಿಧಗಳ ಕಲರ್ ಫೋಟೋ ಅಂಟಿಸಬೇಕಂತೆ. ಊರು ದಾಟಿದರೆ ಎರೆ ಹೊಲ ಇದೆಯಲ್ಲ! ನಾವು ಒಂದು ಮುಷ್ಟಿ ಎರೆಮಣ್ಣು, ಒಂದು ಮುಷ್ಟಿ ಕೆಂಪು ಮಣ್ಣು ತಂದುಕೊಟ್ಟೆವು. ಅವಳು ಎರಡಕ್ಕೂ ನೀರು ಹಾಕಿದಳು. ಯಾವುದು ಬೆರಳಿಗೆ ಅಂಟುತ್ತದೆ, ಯಾವುದರಲ್ಲಿ ನೀರು ಬೇಗ ಇಳಿಯುತ್ತದೆ ಅಂತ ನೋಡಿ ತನ್ನ ಮಾತಿನಲ್ಲೇ ಬರೆದಳು. ಖುಷಿಯಾಗಿ ಬರೆದಳು. ಫೋಟೋ ಇಲ್ಲ ಅಂತ ಶಾಲೆಯಿಂದ ವಾಪಸ್ ಬಂತು. ಅವತ್ತು ಅವಳ ಮುಖ ನೋಡಿ ನನಗೆ ಹೊಟ್ಟೆ ಉರಿದುಹೋಯಿತು.

ಇದು ಪ್ರಾಜೆಕ್ಟಿನ ಕಥೆ. ದಿನದ ಹೋಂವರ್ಕ್ ಇನ್ನೊಂದು. ಪ್ರಶ್ನೆ-ಉತ್ತರ ಮೂರು ಸಲ ಬರೆ, ಕಾಪಿ ರೈಟಿಂಗ್ ಎರಡು ಪುಟ, ಕ್ಲಾಸಿನಲ್ಲಿ ಮುಗಿಯದ ಲೆಕ್ಕ ಮನೆಯಲ್ಲಿ ಮುಗಿಸು. ಲೆಕ್ಕ ಹೇಳಿಕೊಟ್ಟೇ ಇಲ್ಲದಿದ್ದರೆ ಮಗು ಹೇಗೆ ಮುಗಿಸುತ್ತದೆ? ನಿಟ್ಟುವಳ್ಳಿ ಇರಲಿ, ವಿದ್ಯಾನಗರ ಇರಲಿ, ರಾತ್ರಿ ಒಂಬತ್ತರ ಹೊತ್ತಿಗೆ ಯಾವ ಬೀದಿಯಲ್ಲಿ ನಡೆದರೂ ಒಂದಲ್ಲ ಒಂದು ಮನೆಯಿಂದ ಕೇಳಿಸುತ್ತದೆ. "ಎಷ್ಟ್ ಸಲ ಹೇಳ್ಬೇಕು ನಿಂಗೆ?" ಆಮೇಲೆ ಒಂದು ಏಟು. ಆಮೇಲೆ ಅಳು. ದಿನವಿಡೀ ದುಡಿದು ಬಂದ ತಾಯಿಗೂ, ದಿನವಿಡೀ ಬೆಂಚಿನ ಮೇಲೆ ಕೂತು ಬಂದ ಮಗುವಿಗೂ ಸಿಗುವುದು ಅದೊಂದೇ ಹೊತ್ತು. ಅದು ಹೀಗೆ ಹೋಗುತ್ತದೆ.

ಕಾಸಿದ್ದವರು ಟ್ಯೂಷನ್‌ಗೆ ಕಳಿಸುತ್ತಾರೆ. ಅಲ್ಲಿ ಪಾಠ ಏನೂ ನಡೆಯಲ್ಲ, ಹೋಂವರ್ಕ್ ಮಾಡಿಸಿ ಕಳಿಸುತ್ತಾರೆ ಅಷ್ಟೇ. ಶಾಲೆಗೂ ಫೀಸು, ಶಾಲೆ ಕೊಟ್ಟ ಕೆಲಸ ಮುಗಿಸೋಕೂ ಫೀಸು.

ಇದಕ್ಕೆ ನಿಯಮ ಇಲ್ಲ ಅಂದುಕೊಳ್ಳಬೇಡಿ. ಒಂದು ಮತ್ತು ಎರಡನೇ ಕ್ಲಾಸಿಗೆ ಹೋಂವರ್ಕ್ ಕೊಡಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ಎಲ್ಲ ರಾಜ್ಯಗಳಿಗೂ ಸುತ್ತೋಲೆ ಕಳಿಸಿತ್ತು. 2020ರ ಸ್ಕೂಲ್ ಬ್ಯಾಗ್ ಪಾಲಿಸಿಯಲ್ಲಿ ಇನ್ನೂ ಬಿಡಿಸಿ ಹೇಳಿದ್ದಾರೆ. 3ರಿಂದ 5ನೇ ಕ್ಲಾಸಿಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ. ಮತ್ತೆ ಹೇಳುತ್ತೇನೆ, ವಾರಕ್ಕೆ. 6ರಿಂದ 8ಕ್ಕೆ ದಿನಕ್ಕೆ 1 ಗಂಟೆ, 9ರಿಂದ ಮೇಲಕ್ಕೆ ದಿನಕ್ಕೆ 2 ಗಂಟೆ. ಚಿಕ್ಕ ಮಕ್ಕಳಿಗೆ ಎಂಥ ಕೆಲಸ ಕೊಡಬಹುದು ಅಂತಲೂ ಅದರಲ್ಲಿದೆ. ಸಂಜೆ ಏನು ಆಟ ಆಡಿದೆ, ರಾತ್ರಿ ಏನು ಊಟ ಮಾಡಿದೆ, ಅದಕ್ಕೆ ಏನೇನು ಹಾಕಿದ್ದರು, ಇವನ್ನೆಲ್ಲ ಕ್ಲಾಸಿನಲ್ಲಿ ಬಂದು ಹೇಳುವುದು. ಅಂಥ ಹೋಂವರ್ಕನ್ನು ಯಾವ ಮಗುವಾದರೂ ಮಾಡುತ್ತದೆ, ಅಲ್ವಾ? ಜೋಳದ ರೊಟ್ಟಿ ತಿಂದ ಮಗುವೂ ಮಾಡುತ್ತದೆ, ಬೆಣ್ಣೆ ದೋಸೆ ತಿಂದ ಮಗುವೂ ಮಾಡುತ್ತದೆ.

ಅದಕ್ಕೂ ಎಷ್ಟೋ ಹಿಂದೆ, 1993ರಲ್ಲಿ, ಶಾಲಾ ಮಕ್ಕಳ ಮೇಲಿನ ಹೊರೆ ಬಗ್ಗೆ ವಿಜ್ಞಾನಿ ಪ್ರೊಫೆಸರ್ ಯಶ್‌ಪಾಲ್ ಅವರ ಸಮಿತಿ ಕೇಂದ್ರ ಸರ್ಕಾರಕ್ಕೆ ಒಂದು ವರದಿ ಕೊಟ್ಟಿತ್ತು. ಚೀಲದ ಭಾರಕ್ಕಿಂತ ದೊಡ್ಡದು ಅರ್ಥವಾಗದೆ ಕಲಿಯುವ ಭಾರ ಅಂತ ಅದರಲ್ಲಿ ಹೇಳಿದ್ದರು. ಮೂವತ್ತು ವರ್ಷ ದಾಟಿತು. ಚೀಲ ತೂಗಿ ನೋಡುವ ಸುದ್ದಿ ಆಗಾಗ ಬರುತ್ತದೆ. ಅರ್ಥವಾಯಿತಾ ಅಂತ ಮಗುವನ್ನು ಕೇಳುವವರಿಲ್ಲ.

ಟೀಚರುಗಳನ್ನು ಮಾತ್ರ ದೂರಿದರೆ ಅನ್ಯಾಯವಾಗುತ್ತದೆ. ನನ್ನ ಅಂಗಡಿಗೆ ಅವರೂ ಬರುತ್ತಾರೆ, ಕಷ್ಟ ಹೇಳಿಕೊಳ್ಳುತ್ತಾರೆ. ಕ್ಲಾಸಿನ ತುಂಬ ಮಕ್ಕಳು, ಕೈಗೆ ಬರುವ ಸಂಬಳ ಅಷ್ಟಕ್ಕಷ್ಟೇ, ತಿಂಗಳೊಳಗೆ ಇಷ್ಟು ಪಾಠ ಮುಗಿಸಲೇಬೇಕು ಅಂತ ಮೇಲಿನಿಂದ ಒತ್ತಡ. ಅಷ್ಟೇ ಅಲ್ಲ, ಹೋಂವರ್ಕ್ ಕಮ್ಮಿ ಕೊಟ್ಟರೆ ಜಗಳಕ್ಕೆ ಬರುವವರು ನಾವೇ. "ಆ ಶಾಲೆಯಲ್ಲಿ ದಿನಾ ನಾಲ್ಕು ಪುಟ ಬರೆಸ್ತಾರೆ, ನಿಮ್ಮಲ್ಲಿ ಏನೂ ಇಲ್ವಲ್ಲ ಮಿಸ್" ಅಂತ ಪೋಷಕರ ಸಭೆಯಲ್ಲಿ ಎದ್ದು ಕೇಳಿದವರನ್ನು ಕಣ್ಣಾರೆ ನೋಡಿದ್ದೇನೆ. ಬರೆದ ಪುಟದ ಲೆಕ್ಕದಲ್ಲಿ ಶಾಲೆಯನ್ನು ಅಳೆಯುವುದನ್ನು ನಾವು ಬಿಡದಿದ್ದರೆ ಅವರೂ ಬಿಡಲ್ಲ.

ಹೋಂವರ್ಕೇ ಬೇಡ ಅನ್ನುತ್ತಿಲ್ಲ. ಎಸ್‌ಎಸ್‌ಎಲ್‌ಸಿ ಹುಡುಗರು ಮನೆಯಲ್ಲಿ ಲೆಕ್ಕ ಬಿಡಿಸಲೇಬೇಕು. ಚಿಕ್ಕವರು ಮಗ್ಗಿ ಹೇಳಲಿ, ಪಾಠದ ಒಂದು ಪುಟ ಗಟ್ಟಿಯಾಗಿ ಓದಲಿ. ಕ್ಲಾಸಿನಲ್ಲಿ ಹೇಳಿಕೊಟ್ಟದ್ದನ್ನೇ ಕೊಡಿ. ರಾತ್ರಿ ಫೋನಿಗೆ ಕಳಿಸುವ ಬದಲು ಮಧ್ಯಾಹ್ನವೇ ಮಗುವಿನ ಕೈಯಲ್ಲಿ ಡೈರಿಗೆ ಬರೆಸಿ. ಮಾಡಿಕೊಂಡು ಬಂದದ್ದನ್ನು ಕೂತು ಓದಿ. ಸುಮ್ನೆ ಟಿಕ್ ಹಾಕಿ ಸಹಿ ಮಾಡಿದರೆ ಮಗುವಿಗೆ ಗೊತ್ತಾಗುತ್ತದೆ, ತಾನು ಬರೆದದ್ದನ್ನು ಯಾರೂ ಓದಲ್ಲ ಅಂತ. ಮಾಡಲಾಗಲಿಲ್ಲ ಅಂತ ಬಂದ ಮಗುವನ್ನು ನಿಲ್ಲಿಸಬೇಡಿ, ಎಲ್ಲಿ ಗೊತ್ತಾಗಲಿಲ್ಲ ಅಂತ ಕೇಳಿ.

ಬರುವ ಶನಿವಾರ ನನ್ನ ಮಗಳ ಶಾಲೆಯಲ್ಲಿ ಪೋಷಕರ ಸಭೆ ಇದೆ. 2020ರ ಪಾಲಿಸಿಯಲ್ಲಿ ಹೋಂವರ್ಕ್ ಬಗ್ಗೆ ಇರುವ ಪುಟಗಳನ್ನು ಪ್ರಿಂಟ್ ತೆಗೆದಿದ್ದೇನೆ, ಹೆಡ್‌ಮಿಸ್ ಕೈಗೆ ಕೊಟ್ಟು ಮಾತಾಡುತ್ತೇನೆ. ನಿಮ್ಮ ಮಕ್ಕಳ ಶಾಲೆಯಲ್ಲೂ ಕೇಳಬೇಕು ಅನ್ನಿಸಿದವರು ಕಾಮೆಂಟಿನಲ್ಲಿ ತಿಳಿಸಿ, ಅಥವಾ ಅಂಗಡಿಗೇ ಬನ್ನಿ. ಆ ಪುಟಗಳ ಜೆರಾಕ್ಸ್ ಇಟ್ಟಿದ್ದೇನೆ. ಅದಕ್ಕೆ ದುಡ್ಡು ಬೇಡ.