ಅಜ್ಜಿಯ ಕಥೆ 1917ಕ್ಕೆ ಮುಗಿಯಲಿಲ್ಲ

‘ಕ್ರಾಂತಿಯ ಅಜ್ಜಿ’ ಎಂದೇ ಹೆಸರಾದ ರಷ್ಯಾದ ಕ್ರಾಂತಿಕಾರಿ ಬ್ರೆಷ್ಕೋವ್‌ಸ್ಕಾಯಾ ಅವರ ಬಗ್ಗೆ ಲೇಖನ ಬರೆದದ್ದಕ್ಕೆ ಧನ್ಯವಾದ. ಆದರೆ ಲೇಖನ ತ್ಸಾರ್ (ರಷ್ಯಾದ ಚಕ್ರವರ್ತಿ) ಪದಚ್ಯುತನಾದ 1917ರಲ್ಲಿ ರಾಜಧಾನಿ ಪೆಟ್ರೋಗ್ರಾಡಿನಲ್ಲಿ ಆಕೆಗೆ ಸಿಕ್ಕ ಸಂಭ್ರಮದ ಸ್ವಾಗತಕ್ಕೇ ನಿಂತುಬಿಟ್ಟದ್ದು ನನಗೆ ಒಪ್ಪಿಗೆಯಾಗಲಿಲ್ಲ. ‘ಕ್ರಾಂತಿಯ ಅಜ್ಜಿ’ಗೆ ಹಾರ ಹಾಕಿ ಕೈಮುಗಿದರೆ ಮುಗಿಯಿತೇ?

ಜಮೀನ್ದಾರರ ಮನೆಯ ಮಗಳು, ರೈತ ಹೆಂಗಸಿನ ಉಡುಪು ತೊಟ್ಟು ಕ್ರಾಂತಿಯ ಮಾತು ಹರಡಲು ಹಳ್ಳಿ ಸುತ್ತಿದವರು. ಅದಕ್ಕಾಗಿ ಎಳೆಗೂಸನ್ನೇ ಬಂಧುಗಳ ಮಡಿಲಿಗೆ ಹಾಕಿ ಹೊರಟರು. ಇದನ್ನು ತ್ಯಾಗವೆಂದು ಹೊಗಳಲು ನನಗೆ ಇಂದಿಗೂ ಬಾಯಿ ಬರುವುದಿಲ್ಲ, ಬೈಯಲೂ ಮನಸ್ಸಿಲ್ಲ. 1874ರಲ್ಲಿ ಸೆರೆ, ಆಮೇಲೆ ಸೈಬೀರಿಯಾದ ಕಾರಾ ಗಣಿಯಲ್ಲಿ ಕಠಿಣ ಶಿಕ್ಷೆ, ಅಲ್ಲೇ ಗಡೀಪಾರು.

1885ರಲ್ಲಿ ಅಮೆರಿಕದ ಪತ್ರಕರ್ತ ಜಾರ್ಜ್ ಕೆನ್ನನ್, ಗಡೀಪಾರಿನಲ್ಲಿದ್ದ ಆಕೆಯನ್ನು ಸೈಬೀರಿಯಾದ ಸೆಲೆಂಗಿನ್ಸ್ಕ್ ಎಂಬ ಕುಗ್ರಾಮದಲ್ಲಿ ಕಂಡರು. ಸೆರೆಯಲ್ಲಿ ಗಿಡ್ಡವಾಗಿ ಕತ್ತರಿಸಿದ್ದ ದಟ್ಟ ಕೂದಲಲ್ಲಿ ಅಲ್ಲಲ್ಲಿ ನರೆ. ವಯಸ್ಸು ಇನ್ನೂ ನಲವತ್ತರ ಆಸುಪಾಸು. ನಾವು ಗಡೀಪಾರಿನಲ್ಲೇ ಸಾಯಬಹುದು, ನಮ್ಮ ಮಕ್ಕಳು, ಮೊಮ್ಮಕ್ಕಳೂ ಸಾಯಬಹುದು, ಕೊನೆಗೆ ಇದರಿಂದ ಏನಾದರೂ ಒಳಿತು ಆದೀತು ಎಂದು ಬೀಳ್ಕೊಡುವಾಗ ಆಕೆ ಹೇಳಿದರಂತೆ.

ಅವರು ಗಡೀಪಾರಿನಲ್ಲೇ ಸತ್ತರು, ನಿಜ. ಆದರೆ ತ್ಸಾರನ ಸೈಬೀರಿಯಾದಲ್ಲಲ್ಲ. 1917ರ ತಾತ್ಕಾಲಿಕ ಸರ್ಕಾರದ ಮುಖ್ಯಸ್ಥ ಕೆರೆನ್‌ಸ್ಕಿಯ ಪರ ನಿಂತಿದ್ದ ಅವರಿಗೆ, ಆ ಸರ್ಕಾರವನ್ನು ಉರುಳಿಸಿದ ಬೋಲ್ಷೆವಿಕರ ರಷ್ಯಾದಲ್ಲಿ ಜಾಗವಿರಲಿಲ್ಲ. ವ್ಲಾಡಿವೊಸ್ಟಾಕ್ ದಾರಿಯಾಗಿ ಹೊರಟು, ಅಮೆರಿಕಕ್ಕೆ ಹೋಗಿ, ಕಡೆಗೆ ಸೇರಿದ್ದು ಚೆಕೊಸ್ಲೊವಾಕಿಯಾ. ಅಲ್ಲಿ, ಪ್ರಾಗ್ ಬಳಿ, 1934ರಲ್ಲಿ ತೀರಿಕೊಂಡಾಗ ತೊಂಬತ್ತು ವರ್ಷ. ಲೇಖಕರು ಈ ಕೊನೆಯ ಹದಿನೈದು ವರ್ಷಗಳ ಬಗ್ಗೆಯೂ ಒಂದು ಕಂತು ಬರೆಯಲಿ.