ಒಕ್ಕಣ್ಣನ ರಿಪೇರಿ

ನಾನು ಸರಿಮಾಡಲು ಹೊರಟಿದ್ದು ಒಂದೇ ಒಂದು ಹೆಡ್‌ಲೈಟ್. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಓದುತ್ತಾ ಹೋದರೆ ನಿಮಗೆ ಇದು ಮರೆತುಹೋಗುತ್ತದೆ. ನನಗೂ ಮರೆತುಹೋಗಿತ್ತು.

ಕಾರು ಮಜ್ದಾ ಎಂಎಕ್ಸ್-5, ಮೊದಲ ತಲೆಮಾರಿನದು. 1989ರ ಫೆಬ್ರುವರಿಯಲ್ಲಿ ಚಿಕಾಗೋ ಆಟೋ ಶೋನಲ್ಲಿ ಮೊದಲು ಮುಖ ತೋರಿಸಿದ ಗಾಡಿ. ಎರಡೇ ಸೀಟು, ಬಟ್ಟೆಯ ಟಾಪು, 1.6 ಲೀಟರ್ ಎಂಜಿನ್, ಒಂದು ಟನ್ನಿಗಿಂತ ಕಡಿಮೆ ತೂಕ. ಇದರ ಚಂದವೆಲ್ಲ ಇರುವುದು ಕಣ್ಣಿನಲ್ಲಿ. ಹಗಲು ಹೊತ್ತು ಹೆಡ್‌ಲೈಟುಗಳು ಮೂತಿಯೊಳಗೆ ಮುಚ್ಚಳ ಎಳೆದುಕೊಂಡು ಮಲಗಿರುತ್ತವೆ. ಸ್ವಿಚ್ ಹಾಕಿದರೆ ಕಪ್ಪೆ ಕಣ್ಣು ಬಿಟ್ಟ ಹಾಗೆ ಎದ್ದು ನಿಲ್ಲುತ್ತವೆ. ನನ್ನ ಗಾಡಿಯಲ್ಲಿ ಬಲಗಣ್ಣು ಏಳುತ್ತಿತ್ತು, ಎಡಗಣ್ಣು ಏಳುತ್ತಿರಲಿಲ್ಲ. ಕತ್ತಲಾದ ಮೇಲೆ ಎದುರಿಗೆ ಬಂದವರಿಗೆಲ್ಲ ಕಣ್ಣು ಹೊಡೆಯುತ್ತಾ ಮನೆ ಸೇರಿದ್ದೆ.

"ಸಣ್ಣ ಕೆಲಸ ಸಾರ್, ಅರ್ಧ ಗಂಟೆ ಸಾಕು" ಅಂದಿದ್ದರು ಮಾರಿದವರು. ಅಷ್ಟು ಸಣ್ಣದಾದರೆ ಅವರೇ ಯಾಕೆ ಮಾಡಲಿಲ್ಲ? ಈ ಪ್ರಶ್ನೆ ನನಗೆ ಹೊಳೆದಿದ್ದು ಆರು ತಿಂಗಳಾದ ಮೇಲೆ. ಕಾರಿನ ಕೆಳಗೆ ಅಂಗಾತ ಮಲಗಿ, ಕಣ್ಣಿಗೆ ತುಕ್ಕಿನ ಪುಡಿ ಉದುರಿಸಿಕೊಳ್ಳುತ್ತಿದ್ದಾಗ.

ವೈರಿಂಗ್ ಮುಟ್ಟುವ ಮೊದಲು ಬ್ಯಾಟರಿ ಕಳಚಬೇಕು. ಇಷ್ಟು ನನಗೆ ಗೊತ್ತಿತ್ತು. ಈ ಕಾರಿನ ಬ್ಯಾಟರಿ ಎಂಜಿನ್ ಪಕ್ಕದಲ್ಲಿಲ್ಲ, ಡಿಕ್ಕಿಯಲ್ಲಿದೆ. ಮುಂದಿನ ತೂಕ ಸ್ವಲ್ಪ ಹಿಂದಕ್ಕೆ ಹೋಗಲಿ ಅಂತ ಹಾಗೆ ಇಟ್ಟಿದ್ದಾರೆ. ಡಿಕ್ಕಿ ತೆರೆದು ಮ್ಯಾಟ್ ಎತ್ತಿದರೆ ಕೆಳಗೆ ಒದ್ದೆ. ಬ್ಯಾಟರಿ ಕಳಚಿ ಮುಂದಕ್ಕೆ ಹೋಗಿ ಲೈಟ್ ನೋಡಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ನೀರು ಎಲ್ಲಿಂದ ಬಂತು ಅಂತ ಹುಡುಕಲು ಹೋದೆ.

ಟಾಪಿನ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿನ ಎರಡು ಮೂಲೆಗಳಲ್ಲಿರುವ ತೂತುಗಳಿಗೆ ಇಳಿದು, ಕೊಳವೆಯಲ್ಲಿ ಹರಿದು, ಕಾರಿನ ಕೆಳಗೆ ಸುರಿದುಹೋಗಬೇಕು. ಕಾರ್ಪೆಟ್ ಎತ್ತಿ ನೋಡಿದರೆ ತೂತುಗಳಲ್ಲಿ ತರಗೆಲೆ ಸೇರಿ, ಕೊಳೆತು, ಒಳ್ಳೆ ಗೊಬ್ಬರ ಆಗಿತ್ತು. ಎಡಗಡೆ ತೂತಿನಲ್ಲಿ ಎರಡೆಲೆಯ ಒಂದು ಗಿಡ ಹುಟ್ಟಿಕೊಂಡಿತ್ತು. ಹಚ್ಚಗೆ, ನೆಟ್ಟಗೆ. ಇಡೀ ಕಾರಿನಲ್ಲಿ ಅಷ್ಟು ಆರೋಗ್ಯವಾಗಿದ್ದದ್ದು ಅದೊಂದೇ.

ಈ ದಾರಿ ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಸಿಲ್‌ಗೆ ಇಳಿಯುತ್ತದೆ. ಹೊರಗಿನಿಂದ ಅದು ಗಟ್ಟಿಯಾದ ತಗಡಿನ ಪೆಟ್ಟಿಗೆಯ ಹಾಗೆ ಕಾಣುತ್ತದೆ. ಅದರ ಮೇಲೆ ಪೇಂಟು ಒಂದು ಕಡೆ ಗುಳ್ಳೆ ಎದ್ದಿತ್ತು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಡುತ್ತದೆ, ಅದಕ್ಕೇ ಪೇಂಟು ಉಬ್ಬುತ್ತದೆ. ಉಬ್ಬಿದೆ ಅಂದರೆ ಒಳಗೆ ಊಟ ಮುಗಿದಿದೆ ಅಂತಲೇ ಅರ್ಥ. ಸುಮ್ನೆ ನೋಡೋಣ ಅಂತ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಒತ್ತಿದೆ. ಅದು ಹಿಡಿಯ ತನಕ ಒಳಗೆ ಹೋಯಿತು. ಹೊರಗೆಳೆದಾಗ ತುದಿಯಲ್ಲಿ ಪುಟ್ಟಿ ಮತ್ತು ಒಂದು ಚೂರು ಹಳೇ ಪೇಪರ್. ಯಾರೋ ಪುಣ್ಯಾತ್ಮರು ತೂತಿಗೆ ಪೇಪರ್ ತುರುಕಿ, ಮೇಲೆ ಪುಟ್ಟಿ ಮೆತ್ತಿ, ಬಣ್ಣ ಹೊಡೆದಿದ್ದರು. ನಾನು ಇನ್ನೊಂದು ಕಡೆ ಒತ್ತಿದೆ. ಅಲ್ಲೂ ಹೋಯಿತು.

"ರೀ, ಚುಚ್ಚೋದು ನಿಲ್ಲಿಸಿ" ಅಂದಳು ಹೆಂಡತಿ. "ಚುಚ್ಚದೇ ಇದ್ದಾಗ ಕಾರು ಚೆನ್ನಾಗೇ ಇತ್ತು."

ವೆಲ್ಡಿಂಗ್ ಬಲ್ಲ ಗೆಳೆಯನೊಬ್ಬ ಇದ್ದಾನೆ. ಬಂದ, ನೋಡಿದ, ಕಾರಿನ ಸುತ್ತ ಒಂದು ಸುತ್ತು ಹಾಕಿದ. "ಸೀಟು ತೆಗಿ, ಕಾರ್ಪೆಟ್ ತೆಗಿ ಮಾರಾಯ. ಕಿಡಿ ಬಿದ್ರೆ ಎಲ್ಲಾ ಹೋಗುತ್ತೆ" ಅಂದ. ತೆಗೆದೆ. ಖಾಲಿ ಕಾರಿನೊಳಗೆ ಕೂತು ಅವನು ಒಂದು ಮಾತು ಹೇಳಿದ. ಹಳೇ ಕಾರು ಕಟ್ಟಿಕೊಂಡವರನ್ನು ಹಾಳು ಮಾಡುವುದು ತುಕ್ಕಲ್ಲ, ಈ ಮಾತು:

"ಹೇಗೂ ಬಿಚ್ಚಿದ್ದೀವಲ್ಲ."

ಹೇಗೂ ಬಿಚ್ಚಿದ್ದೀವಲ್ಲ, ಸಸ್ಪೆನ್ಷನ್ ಬುಷ್‌ಗಳನ್ನೂ ಹೊಸದು ಹಾಕಿಬಿಡೋಣ. ಹೇಗೂ ಚಕ್ರ ಬಿಚ್ಚಿದ್ದೀವಲ್ಲ, ಬ್ರೇಕೂ ನೋಡಿಬಿಡೋಣ. ಹೇಗೂ ಕಾರು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿದ್ದೀವಲ್ಲ, ಸೈಲೆನ್ಸರೂ ಬದಲಾಯಿಸೋಣ. ಇದರಲ್ಲಿ ಯಾವುದೂ ತಪ್ಪು ಮಾತಲ್ಲ. ಅದೇ ತೊಂದರೆ. ಬಿಡಿಭಾಗ ಸಿಗದೇ ಇದ್ದಿದ್ದರೆ ಅಲ್ಲಿಗಾದರೂ ನಿಲ್ಲುತ್ತಿತ್ತೇನೋ. ಆದರೆ ಎಲ್ಲ ತಲೆಮಾರು ಸೇರಿ 2016ರ ಹೊತ್ತಿಗೇ ಹತ್ತು ಲಕ್ಷ ಕಾರು ತಯಾರಾಗಿದ್ದವು. ಬೇಕಾದ್ದೂ ಸಿಗುತ್ತದೆ, ಬೇಡದ್ದೂ ಸಿಗುತ್ತದೆ.

ಬಿಚ್ಚುವಾಗ ನಾನು ಬಹಳ ಶಿಸ್ತಿನ ಮನುಷ್ಯ. ಪ್ರತಿ ಹಂತಕ್ಕೂ ಫೋಟೋ ತೆಗೆದೆ. ನಟ್ಟು ಬೋಲ್ಟುಗಳನ್ನು ಸಣ್ಣ ಸಣ್ಣ ಪ್ಲಾಸ್ಟಿಕ್ ಕವರುಗಳಿಗೆ ಹಾಕಿ ಚೀಟಿ ಬರೆದಿಟ್ಟೆ. ಐದು ತಿಂಗಳಾದ ಮೇಲೆ ಕವರುಗಳನ್ನು ಹರವಿಕೊಂಡು ಕೂತಾಗ ಚೀಟಿಗಳಲ್ಲಿ ಇದ್ದದ್ದು ಹೀಗೆ: "ಎಡಗಡೆ, ಒಳಗಿಂದು." "ಅದರ ಪಕ್ಕದ್ದು." "ಉದ್ದ ಇರೋದು ಮೇಲಕ್ಕೆ." ಒಂದರಲ್ಲಿ ಮೂರು ಬೋಲ್ಟು, ಒಂದು ವಾಷರ್. ಚೀಟಿಯಲ್ಲಿ ಕೆಂಪಕ್ಷರದಲ್ಲಿ "ಬಹಳ ಮುಖ್ಯ, ಮರೀಬೇಡ" ಅಂತ ಅಡಿಗೆರೆ ಎಳೆದಿತ್ತು. ಯಾತರದ್ದು ಅಂತ ಮಾತ್ರ ಇರಲಿಲ್ಲ. ಫೋಟೋ ತೆಗೆದು ನೋಡಿದೆ. ನನ್ನ ಹೆಬ್ಬೆರಳು ಎಲ್ಲ ಕೋನಗಳಿಂದಲೂ ಸ್ಪಷ್ಟವಾಗಿ ಬಂದಿತ್ತು.

ಬುಷ್ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಈ ಕಾರಿನ ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್. ಅಂದರೆ ಪ್ರತಿ ಚಕ್ರವನ್ನೂ ಮೇಲೊಂದು ಕೆಳಗೊಂದು ತೋಳು ಹಿಡಿದಿರುತ್ತದೆ. ತೋಳಿನ ಬುಡದಲ್ಲಿ ರಬ್ಬರ್ ಬುಷ್, ಬುಷ್ ನಡುವೆ ಕಬ್ಬಿಣದ ಕೊಳವೆ, ಅದರೊಳಗೆ ಉದ್ದನೆಯ ಬೋಲ್ಟು. ಮೂವತ್ತು ವರ್ಷ ಮಳೆ ಕುಡಿದ ಬೋಲ್ಟೂ ಕೊಳವೆಯೂ ಯಾವತ್ತೋ ಒಂದಾಗಿಬಿಟ್ಟಿರುತ್ತವೆ. ಮೂರು ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಬಿಟ್ಟೆ. ಸುತ್ತಿಗೆಯಿಂದ ತಟ್ಟಿದೆ. ಸ್ಪ್ಯಾನರಿನ ಹಿಡಿಗೆ ಎರಡಡಿ ಉದ್ದದ ಪೈಪ್ ಸಿಕ್ಕಿಸಿ, ಎರಡೂ ಕಾಲು ಗೋಡೆಗೆ ಒತ್ತಿ, ಇದ್ದ ಬದ್ದ ಶಕ್ತಿಯನ್ನೆಲ್ಲ ಹಾಕಿ ಎಳೆದೆ. "ಟಕ್" ಅಂತು. ಬೋಲ್ಟು ತಿರುಗಿತು. ಎಷ್ಟು ಸಲೀಸಾಗಿ ಅಂದರೆ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಈ ಕೆಲಸ ಮಾಡಿ ಗೊತ್ತಿರುವವರು ಇಷ್ಟು ಓದಿದ್ದಕ್ಕೇ ಹಣೆ ಚಚ್ಚಿಕೊಂಡಿರುತ್ತಾರೆ. ನಾನು ಮಾತ್ರ ಖುಷಿಯಲ್ಲಿ ಇನ್ನೂ ನಾಲ್ಕು ಸುತ್ತು ತಿರುಗಿಸಿದೆ. ಆಮೇಲೆ ಬೋಲ್ಟಿನ ತಲೆ ಸ್ಪ್ಯಾನರ್ ಜೊತೆ ಕೈಗೆ ಬಂತು. ಮೈ ಅಲ್ಲೇ ಉಳಿಯಿತು.

ಮುರಿದ ಬೋಲ್ಟು ತೆಗೆಯಲು ಎಕ್ಸ್‌ಟ್ರಾಕ್ಟರ್ ಅಂತ ಒಂದು ಸಾಮಾನು ಬರುತ್ತದೆ. ಬೋಲ್ಟಿಗೆ ತೂತು ಕೊರೆದು, ಅದರೊಳಗೆ ಇದನ್ನು ಉಲ್ಟಾ ತಿರುಗಿಸಿದರೆ ಕಚ್ಚಿಕೊಂಡು ಹೊರಗೆ ತರುತ್ತದೆ. ನನ್ನ ಎಕ್ಸ್‌ಟ್ರಾಕ್ಟರ್ ಚೆನ್ನಾಗಿಯೇ ಕಚ್ಚಿಕೊಂಡಿತು. ಕಚ್ಚಿಕೊಂಡಿದ್ದ ಹಾಗೇ ಒಳಗೆ ಮುರಿಯಿತು. ಅದರ ಉಕ್ಕು ಎಷ್ಟು ಗಟ್ಟಿ ಅಂದರೆ ಸಾಮಾನ್ಯ ಡ್ರಿಲ್ಲಿನ ಮೊನೆ ಅದನ್ನು ಕೊರೆಯುವುದೇ ಇಲ್ಲ. ಹೋಗಲಿ, ಗೆಳೆಯ ಬಂದು ತೋಳಿನ ಸಮೇತ ಕತ್ತರಿಸಿದ. ಕತ್ತರಿಸುವಾಗ ಅವನ ಮುಖದಲ್ಲಿದ್ದ ಸಂತೋಷ ನನಗೆ ಇಷ್ಟವಾಗಲಿಲ್ಲ.

ಬ್ರೇಕ್ ಲೈನಿನಿಂದ ಗಾಳಿ ತೆಗೆಯುವುದು ಇಬ್ಬರ ಕೆಲಸ. ಒಬ್ಬರು ಒಳಗೆ ಕೂತು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಹತ್ತಿರ ನಿಪ್ಪಲ್ ಅನ್ನುವ ಸಣ್ಣ ಸ್ಕ್ರೂ ಸಡಿಲಿಸಿ, ಗುಳ್ಳೆಗಳು ಎಣ್ಣೆಯ ಜೊತೆ ಹೊರಗೆ ಬಂದಮೇಲೆ ಬಿಗಿಮಾಡಬೇಕು. ಆಮೇಲೆಯೇ ಪೆಡಲ್ ಬಿಡಬೇಕು. ಮೊದಲೇ ಬಿಟ್ಟರೆ ಹೊರಗಿನ ಗಾಳಿ ವಾಪಸ್ ಒಳಗೆ ನುಗ್ಗುತ್ತದೆ. ಪೆಡಲ್ ಹೆಂಡತಿಗೆ, ನಿಪ್ಪಲ್ ನನಗೆ.

"ಒತ್ತು."

"ಒತ್ತಿದೆ."

"ಹಾಗೇ ಹಿಡ್ಕೋ. ಬಿಡಬೇಡ!"

ಪೆಡಲ್ ಮೇಲೆ ಬಂತು. ಗಾಳಿ ಒಳಗೆ ಹೋಯಿತು.

"ಬಿಡಬೇಡ ಅಂದ್ನಲ್ಲೇ!"

"ನೀವು 'ಬಿಡ' ಅನ್ನೋ ಹೊತ್ತಿಗೆ ನಾನು ಬಿಟ್ಟಾಗಿರುತ್ತೆ. 'ಬೇಡ' ಆಮೇಲೆ ಬರುತ್ತೆ. ಕನ್ನಡ ಇರೋದೇ ಹಾಗೆ, ನಾನೇನ್ ಮಾಡ್ಲಿ?"

ಇಷ್ಟು ವರ್ಷ ಕನ್ನಡ ಮಾತಾಡಿದ್ದೇನೆ, ಬೇಡ ಅನ್ನುವುದನ್ನು ನಮ್ಮ ಭಾಷೆ ಕೊನೆಗೆ ಇಟ್ಟುಕೊಂಡಿರುವುದು ಕಾರಿನ ಕೆಳಗೆ ಮಲಗಿದಾಗಲೇ ಗೊತ್ತಾಗಿದ್ದು. ಹಾಗಾದರೆ ಹೂಂ ಅಂದರೆ ಬಿಡು, ಊಹೂಂ ಅಂದರೆ ಹಿಡ್ಕೋ ಅಂತ ಮಾಡಿಕೊಂಡೆವು. ಚಕ್ರದ ಸಂದಿಯಿಂದ ಎರಡೂ ಒಂದೇ ಥರ ಕೇಳಿಸುತ್ತವೆ. ಕೊನೆಗೆ ಸಿಗ್ನಲ್ ಲೈಟಿನ ಲೆಕ್ಕ. ಕೆಂಪು ಅಂದರೆ ಹಿಡಿ, ಹಸಿರು ಅಂದರೆ ಬಿಡು. ಕೆಂಪು, ಹಸಿರು, ಕೆಂಪು, ಹಸಿರು ಅಂತ ನಾನು ನೆಲದ ಮೇಲೆ ಮಲಗಿ ಕೂಗುತ್ತಿದ್ದರೆ ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿ, ಏನೂ ಕೇಳದೆ ಮುಚ್ಚಿಕೊಂಡರು. ಕೇಳಿದ್ದರೆ ವಾಸಿ ಇತ್ತು.

ಈ ಗಲಾಟೆಯಲ್ಲಿ ಬ್ರೇಕ್ ಎಣ್ಣೆಯ ಬಾಟಲಿ ಮಗುಚಿ ಫೆಂಡರ್ ಮೇಲೆ ಚೆಲ್ಲಿತು. ಆ ಫೆಂಡರಿಗೆ ಬಣ್ಣ ಹೊಡೆದು ಒಂದೇ ಒಂದು ವಾರ ಆಗಿತ್ತು. ಬ್ರೇಕ್ ಎಣ್ಣೆ ಪೇಂಟನ್ನು ತಿನ್ನುತ್ತದೆ. ಅದು ನೀರಿನಲ್ಲಿ ಕರಗುತ್ತದೆ, ಹಾಗಾಗಿ ಒಂದು ಬಕೆಟ್ ನೀರು ಸುರಿದಿದ್ದರೆ ಉಳಿಯುತ್ತಿತ್ತು. ನಾನು ಹಳೇ ಬನಿಯನ್ ತಗೊಂಡು ಚೆನ್ನಾಗಿ ಉಜ್ಜಿದೆ. ಎಣ್ಣೆಯೂ ಬಂತು, ಬಣ್ಣವೂ ಬಂತು. ಬನಿಯನ್ ಈಗ ಕಾರಿನ ಬಣ್ಣಕ್ಕೆ ಸರಿಯಾಗಿ ಮ್ಯಾಚ್ ಆಗುತ್ತದೆ.

ಇನ್ನು ಮಾಡಿಫಿಕೇಷನ್. ನನ್ನೊಳಗೆ ಇಬ್ಬರಿದ್ದಾರೆ. ಒಬ್ಬ, ಕಾರ್ಖಾನೆಯಿಂದ ಹೇಗೆ ಬಂತೋ ಹಾಗೇ ಇರಲಿ ಅನ್ನುವವನು. ಇನ್ನೊಬ್ಬ, ಹೇಗೂ ಬಿಚ್ಚಿದ್ದೀವಲ್ಲ ಅನ್ನುವವನು. ಎರಡನೆಯವನ ಮಾತು ಕೇಳಿ ಗಾಡಿಯನ್ನು ಮೂವತ್ತು ಮಿಲಿಮೀಟರ್ ತಗ್ಗಿಸುವ ಸ್ಪ್ರಿಂಗ್ ಹಾಕಿದೆ. ನಿಂತಾಗ ಏನು ಚಂದ! ನಿಂತಿರುವಾಗ ಮಾತ್ರ. ಮೊದಲ ಸ್ಪೀಡ್ ಬ್ರೇಕರಿನಲ್ಲಿ ಕೆಳಗಿನಿಂದ ಬಂದ ಶಬ್ದಕ್ಕೆ ಇಬ್ಬರೂ ಕಾಲು ಎತ್ತಿಕೊಂಡೆವು. ಈಗ ಉಬ್ಬು ಕಂಡರೆ ಅಡ್ಡಡ್ಡ ತಿರುಗಿಸಿ, ಒಂದೊಂದೇ ಚಕ್ರ ಹತ್ತಿಸಿ ಇಳಿಸುತ್ತೇನೆ. ಹಿಂದೆ ಬರುವ ಸೈಕಲ್ಲಿನವರು ಮುಂದೆ ಹೋಗುತ್ತಾರೆ. ಸ್ಪೋರ್ಟ್ಸ್ ಕಾರು.

ಸೈಲೆನ್ಸರ್ ವಿಷಯದಲ್ಲೂ ಅವನದೇ ಮಾತು ನಡೆಯಿತು. ಮನೆ ಮುಂದೆ ಶುರು ಮಾಡಿದಾಗ ಗಂಭೀರವಾದ, ಎದೆಗೆ ತಾಗುವ ದನಿ. ದಾರಿಗೆ ಹೋದರೆ ಮೂರು ಸಾವಿರ ಆರ್‌ಪಿಎಂ ಹತ್ತಿರ ಇಡೀ ಕ್ಯಾಬಿನ್ ಅದೇ ದನಿಗೆ ಗುಂಯ್‌ಗುಡಲು ಶುರು. ಪೈಪಿನ ಕಂಪನಕ್ಕೂ ಒಳಗಿನ ಗಾಳಿಯ ಕಂಪನಕ್ಕೂ ತಾಳೆಯಾದರೆ ಹೀಗಾಗುತ್ತದೆ. ನೆಮ್ಮದಿಯಾಗಿ ಓಡಿಸುವಾಗ ಎಂಜಿನ್ ಇರುವುದು ಸರಿಯಾಗಿ ಅಲ್ಲೇ. ಹೆಂಡತಿ ಏನೋ ಹೇಳಿದಳು. ನಾನು ಹೂಂ ಅಂದೆ. ಮನೆಗೆ ಬಂದಮೇಲೆ ಗೊತ್ತಾಯಿತು, ಮುಂದಿನ ತಿಂಗಳು ಮನೆಗೆಲ್ಲ ಸುಣ್ಣ ಬಣ್ಣ ನಾನೇ ಹೊಡೆಯುತ್ತೇನೆ ಅಂತ ಒಪ್ಪಿಕೊಂಡಿದ್ದೆ. ಮಾರನೇ ದಿನವೇ ಹಳೇ ಸೈಲೆನ್ಸರ್ ವಾಪಸ್ ಹಾಕಿದೆ.

ಹದಿನಾಲ್ಕು ತಿಂಗಳಾದ ಮೇಲೆ ಕಾರು ಪೂರ್ತಿ ಆಯಿತು. "ಬಹಳ ಮುಖ್ಯ" ಕವರು ಹಾಗೇ ಉಳಿದಿದೆ. ಅದನ್ನು ಡ್ಯಾಶ್‌ಬೋರ್ಡಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೇನೆ, ಏನಾದರೂ ಬಿದ್ದರೆ ಹತ್ತಿರದಲ್ಲೇ ಇರಲಿ ಅಂತ.

ಒಂದು ಸಂಜೆ ಟಾಪು ಮಡಚಿ ಇಬ್ಬರೂ ಹೊರಟೆವು. ಗಾಡಿ ನೀರು ಕುಡಿದಷ್ಟು ಸಲೀಸಾಗಿ ಓಡಿತು. ಗೇರ್ ಲಿವರ್ ಬೆರಳ ತುದಿಯಲ್ಲಿ ಟಕ್ ಟಕ್ ಅಂತ ಬೀಳುತ್ತಿತ್ತು. ಕತ್ತಲಾಯಿತು. ಲೈಟ್ ಸ್ವಿಚ್ ಹಾಕಿದೆ.

ಬಲಗಣ್ಣು ಎದ್ದಿತು.

ಪಕ್ಕಕ್ಕೆ ನಿಲ್ಲಿಸಿದೆ. ಇಬ್ಬರೂ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಈ ಕಾರಿಗೆ ಮಾದರಿಯಾದ 1960ರ ದಶಕದ ಲೋಟಸ್ ಎಲಾನ್‌ನಲ್ಲಿ ಹೆಡ್‌ಲೈಟ್ ಎತ್ತುವುದು ಎಂಜಿನ್ನಿನ ವ್ಯಾಕ್ಯೂಮ್. ಎಲ್ಲಾದರೂ ಗಾಳಿ ಸೋರಿದರೆ ಕಣ್ಣು ತೂಕಡಿಸುತ್ತದೆ. ನನ್ನದರಲ್ಲಿ ಕಣ್ಣಿಗೊಂದು ಮೋಟಾರ್. ಮೋಟಾರ್ ಕೈಕೊಟ್ಟರೆ ಅಂತ ತಲೆಯ ಮೇಲೆ ಒಂದು ತಿರುಗಣೆಯನ್ನೂ ಇಟ್ಟಿದ್ದಾರೆ. ಬಾನೆಟ್ ತೆಗೆದು, ರಬ್ಬರ್ ಟೊಪ್ಪಿ ಕಿತ್ತು, ಕೈಯಿಂದ ತಿರುಗಿಸಿದೆ. ತಿರುಗಿಸಿದೆ, ತಿರುಗಿಸಿದೆ. ಬೆಳಗಿನ ಜಾವ ಎಬ್ಬಿಸಿದ ಮಗುವಿನ ಹಾಗೆ ಎಡಗಣ್ಣು ಒಲ್ಲದ ಮನಸ್ಸಿನಿಂದ ತೆರೆದುಕೊಂಡಿತು. ಹೆಂಡತಿ ಮೊಬೈಲ್ ಟಾರ್ಚ್ ಹಿಡಿದು ನಿಂತಿದ್ದಳು.

"ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತ ಕೇಳಿದ್ದೆ" ಅಂದಳು. "ನೋಡಿದ್ದು ಇವತ್ತೇ."

ಮಾರನೇ ದಿನ ಬ್ಯಾಟರಿ ಕಳಚಿದೆ. ಡಿಕ್ಕಿಯ ಮ್ಯಾಟ್ ಎತ್ತಲಿಲ್ಲ. ನೇರ ಮುಂದಕ್ಕೆ ಬಂದು ಮೋಟಾರಿನ ಕನೆಕ್ಟರ್ ಎಳೆದೆ. ಒಂದು ಪಿನ್ನಿನ ಮೇಲೆ ಹಸಿರು ಕಿಲುಬು. ಪಾಲಿಶ್ ಪೇಪರಿನ ಚೂರಿನಿಂದ ಉಜ್ಜಿ ಸಿಕ್ಕಿಸಿದೆ. ಬ್ಯಾಟರಿ ಜೋಡಿಸಿ ಸ್ವಿಚ್ ಹಾಕಿದರೆ ಎರಡು ಕಣ್ಣೂ ಒಟ್ಟಿಗೆ ಎದ್ದವು. ಗಡಿಯಾರ ನೋಡಿದೆ. ಇಪ್ಪತ್ತೈದು ನಿಮಿಷ. ಮಾರಿದವರು ಪಾಪ, ಸುಳ್ಳು ಹೇಳಿರಲಿಲ್ಲ.

ಬಾನೆಟ್ ಇನ್ನೂ ತೆರೆದೇ ಇತ್ತು. ಎಂಜಿನ್ ತಲೆಯ ಮೇಲಿನ ಕವರಿನ ಅಂಚಿನಲ್ಲಿ ಎಣ್ಣೆ ತೆಳ್ಳಗೆ ಜಿನುಗಿದ ಹಾಗಿತ್ತು. ಗ್ಯಾಸ್ಕೆಟ್ ಹಳೇದಾದರೆ ಹಾಗಾಗುತ್ತದೆ. ಹತ್ತು ಎಂಎಂ ಸಾಕೆಟ್ ಹೇಗೂ ಕೈಯಲ್ಲೇ ಇತ್ತು.

"ಹೇಗೂ ತೆಗೆದಿದ್ದೀವಲ್ಲ..." ಅಂದೆ.

ಹೆಂಡತಿ ಬಂದು ಬಾನೆಟ್ ಮುಚ್ಚಿದಳು. "ಕೈ ತೆಗೀರಿ" ಅಂತ ಹೇಳಿದ್ದು ಮುಚ್ಚಿದ ಮೇಲೆ.