ಹುಲಿಯ ಮತ್ತು ನನ್ನ ನೆಗಡಿ

ಕುವೆಂಪು ಅವರ ಕಾದಂಬರಿ 'ಮಲೆಗಳಲ್ಲಿ ಮದುಮಗಳು' ಓದಿ ಮುಗಿಸಿ ಹತ್ತು ದಿನವಾಯಿತು. 1967ರಲ್ಲಿ ಬಂದ ಪುಸ್ತಕವನ್ನು ಇಷ್ಟು ತಡವಾಗಿ ಓದಿದೆ ಎಂದು ಹೇಳಿಕೊಳ್ಳಲು ನಾಚಿಕೆಯೇ. ಏಳುನೂರು ಪುಟ ದಾಟುವ ಗ್ರಂಥವನ್ನು ಅಂಗಾತ ಮಲಗಿ ಓದುವ ಸಾಹಸ ಯಾರೂ ಮಾಡಬಾರದು. ತೂಕಡಿಕೆ ಬಂತೋ, ಕುವೆಂಪು ನೇರವಾಗಿ ಮೂಗಿನ ಮೇಲೆ ಬೀಳುತ್ತಾರೆ. ನನಗೆ ಎರಡು ಸಲ ಬಿದ್ದರು.

ಮೊದಮೊದಲು ಯಾರು ಯಾರಿಗೆ ಏನಾಗಬೇಕು ಎಂಬುದೇ ತಿಳಿಯದೆ, ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ ಒಂದು ವಂಶವೃಕ್ಷ ಬರೆದುಕೊಂಡೆ. ಬಿಲ್ಲು ತುಂಬಿತು, ಜನ ಮುಗಿಯಲಿಲ್ಲ. ಒಬ್ಬ ಹೆಗ್ಗಡೆಯ ಸಂಬಂಧ ಸರಿಯಾಗಿ ಕೂಡಿಸುವಷ್ಟರಲ್ಲಿ ಇನ್ನೊಬ್ಬರು ಬಾಗಿಲಲ್ಲಿ ನಿಂತಿರುತ್ತಿದ್ದರು. ಚೀಟಿ ನೋಡದೆ ನೆನಪಿನಲ್ಲಿ ಉಳಿದವನು ಒಬ್ಬನೇ, ಹುಲಿಯ. ಗುತ್ತಿಯ ನಾಯಿ. ಇವನ ದೆಸೆಯಿಂದಲೇ ಗುತ್ತಿಗೆ ನಾಯಿಗುತ್ತಿ ಎಂಬ ಹೆಸರು. ನಾಯಿಗೆ ಯಜಮಾನನ ಹೆಸರು ಅಂಟುವುದು ಲೋಕರೂಢಿ. ಇಲ್ಲಿ ಯಜಮಾನನಿಗೇ ನಾಯಿ ಅಂಟಿಕೊಂಡಿದೆ.

ಆ ನಾಯಿಯನ್ನು ನಾನು ಅಷ್ಟಾಗಿ ಗಮನಿಸುತ್ತಿರಲಿಲ್ಲ ಎಂದೇ ತಿಳಿದಿದ್ದೆ. ಚಿನ್ನಮ್ಮ, ಮುಕುಂದಯ್ಯರ ಗತಿ ಏನಾಗುತ್ತದೋ ಎಂಬ ಕಾತರದಲ್ಲಿ ಪುಟ ಮಗುಚುತ್ತಿದ್ದೆ. ನಡುವೆ ಎಷ್ಟೋ ಅನ್ಯಾಯ, ಎಷ್ಟೋ ಸಾವು. ಮನಸ್ಸು ಭಾರವಾದದ್ದು ನಿಜ, ಆದರೆ ಕಣ್ಣು ಒಣಗಿಯೇ ಇತ್ತು. ಕೊನೆಗೆ ಬಂದರೆ, ತುಂಬಿ ಹರಿಯುವ ತುಂಗೆ ಹುಲಿಯನನ್ನು ಕೊಚ್ಚಿಕೊಂಡು ಹೋಗಿಬಿಡುತ್ತಾಳೆ. ಪುಸ್ತಕದ ನಡುವೆ ಹೆಬ್ಬೆರಳಿಟ್ಟು ಮುಚ್ಚಿದೆ. ತೆಗೆದೆ. ಅದೇ ಸಾಲು. ಮತ್ತೆ ಮುಚ್ಚಿದೆ. ರಾತ್ರಿ ಒಂದೂವರೆಗೆ ಹೊದಿಕೆಯ ಅಂಚಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಾಗ ನೀರು ಕುಡಿಯಲು ಎದ್ದ ಅಕ್ಕ ಇಣುಕಿ, "ಏನೋ, ಇನ್ನೂ ಮಲಗಿಲ್ವಾ? ನೆಗಡಿಯಾ?" ಅಂದಳು. "ಹೂಂ ಕಣೇ" ಅಂದೆ.

ಮನುಷ್ಯರಿಗೆ ಬಾರದ ಅಳು ನಾಯಿಗೆ ಯಾಕೆ ಬಂತು? ಮನುಷ್ಯರ ಕಷ್ಟ ಬಂದಾಗ ನಾನು ನ್ಯಾಯಾಧೀಶನ ಕುರ್ಚಿಯಲ್ಲಿ ಕೂತಿರುತ್ತೇನೆ ಅನ್ನಿಸುತ್ತದೆ. ಇವನು ಹೀಗೆ ಮಾಡಬಾರದಿತ್ತು, ಅವಳು ಮೊದಲೇ ಬಾಯಿ ಬಿಡಬೇಕಿತ್ತು, ಹೀಗೆ ಒಳಗೊಳಗೇ ತೀರ್ಪು ನಡೆದಿರುತ್ತದೆ. ಹುಲಿಯನ ಮೇಲೆ ಹೊರಿಸಲು ಯಾವ ತಪ್ಪೂ ಸಿಗಲಿಲ್ಲ. ಗುತ್ತಿ ಹೋದಲ್ಲಿಗೆ ಹೋದ, ಅಷ್ಟೆ.

ಆಮೇಲೆ ಬಂದದ್ದು ಸಿಟ್ಟು. ತಿಮ್ಮಿ, ಗುತ್ತಿ ಒಂದಾದರು, ಸಂತೋಷಪಡಬೇಕು ತಾನೆ? ನಾನೋ ಮದುವೆಮನೆಯಲ್ಲಿ ಮುಖ ಊದಿಸಿಕೊಂಡು ಮೂಲೆ ಹಿಡಿದ ನೆಂಟ. ಕುವೆಂಪು ಅವರಿಗೆ ಕಾಗದ ಬರೆಯೋಣವೆಂದರೆ ಅವರಿಲ್ಲ. 1893ರಲ್ಲಿ ಕಾನನ್ ಡಾಯ್ಲ್ ತನ್ನ ಷರ್ಲಾಕ್ ಹೋಮ್ಸ್‌ನನ್ನು ಸ್ವಿಟ್ಜರ್ಲೆಂಡಿನ ಜಲಪಾತವೊಂದರಲ್ಲಿ ಮುಗಿಸಿದಾಗ, ಒಬ್ಬ ಮಹಿಳೆ ಆತನನ್ನು ಮೃಗವೆಂದು ಬೈದೇ ಕಾಗದ ಶುರು ಮಾಡಿದ್ದಳಂತೆ. ಓದುವಾಗ ನಕ್ಕಿದ್ದೆ. ಈಗ ಆ ತಾಯಿಯ ಮೇಲೆ ಗೌರವ ಬಂದಿದೆ. ಅವಳ ಪುಣ್ಯ, 1903ರಲ್ಲಿ ಹೋಮ್ಸ್ ಬದುಕಿ ಬಂದ. ಅವನೂ ನೀರಿನ ಪಾಲಾದವನೇ, ಆದರೂ ಬಂದ. ತುಂಗೆ ಹಾಗೆ ವಾಪಸು ಕೊಡುವವಳಲ್ಲ. ಕೊಟ್ಟಿದ್ದರೆ ನಾನೇ ಪುಸ್ತಕ ಬಿಸಾಡುತ್ತಿದ್ದೆನೇನೋ, ಅದು ಬೇರೆ ಮಾತು.

ಸ್ನೇಹಿತರೊಬ್ಬರು ಫೋನಿನಲ್ಲಿ "ಹೇಗಿದೆ ಕಾದಂಬರಿ?" ಎಂದು ಕೇಳಿದರು. ಏಳುನೂರು ಪುಟ ಅರಗಿಸಿಕೊಂಡ ನನ್ನ ಬಾಯಿಂದ ಹೊರಟದ್ದು "ತುಂಬಾ ಚೆನ್ನಾಗಿದೆ ಸಾರ್." ಅವರು ಮುಂದಿನದಕ್ಕೆ ಕಾದರು. ನಾನೂ ಕಾದೆ. ಏನೂ ಬರಲಿಲ್ಲ.

ಈಗ ಪುಸ್ತಕ ಅಕ್ಕನ ಕೈಯಲ್ಲಿದೆ. ಅವಳು ಜಾಣೆ, ಮೇಜಿನ ಮೇಲಿಟ್ಟು ಓದುತ್ತಾಳೆ. ನಿನ್ನೆ ಇನ್ನೂರನೇ ಪುಟದ ಹತ್ತಿರ ಇದ್ದಳು. "ಯಾರು ಯಾರೋ ಗೊತ್ತಾಗ್ತಿಲ್ಲ ಕಣೋ, ಆದ್ರೆ ಆ ನಾಯಿ ಮಾತ್ರ ಎಷ್ಟು ಚೆನ್ನಾಗಿದೆ ಅಲ್ವಾ?" ಅಂದಳು. "ಹೂಂ" ಅಂದು, ಒಣಗಿಯೇ ಇಲ್ಲದ ಬಟ್ಟೆ ತರಲು ಮಹಡಿಗೆ ಹೊರಟುಬಿಟ್ಟೆ.